ನಾಲ್ಕು ಭೇಷ್, ಮೂರು ಛೆ!

ಹೀರೋ ಸತ್ತರೆ ಪಿಕ್ಚರ್ ಓಡುವುದಿಲ್ಲ ಎನ್ನುವವರು ನಮ್ಮಲ್ಲಿ ಬಹಳ ಜನ. ಹಾಗಾದರೆ 1972ರಲ್ಲಿ ‘ನಾಗರಹಾವು’ ಹೇಗೆ ಓಡಿತು ಸ್ವಾಮಿ? ರಾಮಾಚಾರಿ ಬದುಕಿ ಉಳಿದನೆ? ಅದೇ ವರ್ಷದ ‘ಬಂಗಾರದ ಮನುಷ್ಯ’ದಲ್ಲಿ ಊರು ಬಿಟ್ಟು ನಡೆದ ರಾಜೀವ ತಿರುಗಿ ಬಂದನೆ? ಇಬ್ಬರೂ ಬರಲಿಲ್ಲ. ಬರಲಿಲ್ಲವೆಂದೇ ಅರ್ಧ ಶತಮಾನ ಕಳೆದರೂ ನಾವು ಅವರನ್ನು ಮರೆತಿಲ್ಲ!

ಈ ಮಾತು ಈಗೇಕೆ ಅಂದರೆ, ಮೊನ್ನೆ ಅಟ್ಟ ಗುಡಿಸುವಾಗ ನನ್ನ ಹಳೆಯ ಲೆಕ್ಕದ ಪುಸ್ತಕವೊಂದು ಸಿಕ್ಕಿತು. ಮುಂಬಯಿಯ ಫೋರ್ಟ್ ಕಡೆ ನಮ್ಮೂರಿನವರದೇ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ಕಾಲದ್ದು. ಮುಂದಿನಿಂದ ತೆರೆದರೆ ಇಡ್ಲಿ-ವಡೆ ಲೆಕ್ಕ. ತಿರುಗಿಸಿ ಹಿಂದಿನಿಂದ ತೆರೆದರೆ ನನ್ನ ಖಾಸಗಿ ಖಾತೆ: ಆ ವರ್ಷದ ಅತ್ಯುತ್ತಮ ಕಾಮಿಕ್ಸ್‌ಗಳು, ಆ ವರ್ಷದ ನಿರಾಶೆಗಳು! ಡಿಸೆಂಬರ್ ಬಂತೆಂದರೆ ನೀವು ವರ್ಷದ ಚಿತ್ರಗಳ ಪಟ್ಟಿ ಹಾಕಿಕೊಂಡು ಟೀ ಅಂಗಡಿಯಲ್ಲಿ ಜಗಳ ಆಡುವುದಿಲ್ಲವೆ? ನನಗೆ ಅದೇ ಹುಚ್ಚು, ಆದರೆ ಮುಖವಾಡದ ಹೀರೋಗಳ ಮೇಲೆ.

ಸಿಕ್ಕಿದ ಪಟ್ಟಿ 1986ರದ್ದು. ಬರೆದದ್ದು ಮಾತ್ರ 1987ರ ಡಿಸೆಂಬರ್‌ನಲ್ಲಿ! ಏಕೆಂದರೆ ಅಮೆರಿಕದಲ್ಲಿ ಅಚ್ಚಾದದ್ದನ್ನು ಯಾರೋ ಕೊಂಡು, ಯಾರೋ ಓದಿ, ಇನ್ಯಾರೋ ರದ್ದಿಗೆ ಹಾಕಿ, ಆಮೇಲೆ ಅದು ಫ್ಲೋರಾ ಫೌಂಟನ್ ಫುಟ್‌ಪಾತಿಗೆ ಬರಬೇಕು. ಅಲ್ಲಿ 75 ಸೆಂಟಿನ ಪುಸ್ತಕ ನಮಗೆ ಮೂರು ರೂಪಾಯಿ. ಕವರ್ ಹರಿದಿದ್ದರೆ ಎರಡು. ಮೂರನೆಯ ಭಾಗ ಮೊದಲು ಸಿಗುತ್ತಿತ್ತು, ಮೊದಲನೆಯದು ಕೊನೆಗೆ!

ರೂಮಿನಲ್ಲಿ ನಾವು ಐದು ಜನ. ಹುಚ್ಚು ಇಬ್ಬರಿಗೆ: ನನಗೂ, ಅಡಿಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದ ಕುಂದಾಪುರದ ಕಡೆಯ ಗೆಳೆಯನಿಗೂ. ನನ್ನದು ಪಿ.ಯು.ಸಿ. ಫೇಲಾದ ಇಂಗ್ಲಿಷು, ಅವನಿಗೆ ಅದೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಷಟರ್ ಎಳೆದ ಮೇಲೆ ನಾನು ಡಿಕ್ಷನರಿ ಇಟ್ಟುಕೊಂಡು ಕಥೆ ಹೇಳುವುದು, ಅವನು ಚಿತ್ರ ನೋಡುವುದು. ಸೌಂಡ್ ನಂದು, ಪಿಕ್ಚರ್ ಅವನದು!

ಚಿಕ್ಕಂದಿನಲ್ಲಿ ನಮ್ಮಿಬ್ಬರನ್ನೂ ಕೆಡಿಸಿದವನು ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮ್. ಲೀ ಫಾಕ್ 1936ರಲ್ಲಿ ಹುಟ್ಟಿಸಿದ ಆ ವೇಷಧಾರಿಗೆ ಸಾವೇ ಇಲ್ಲವೆಂದು ಕಾಡಿನ ಜನ ನಂಬಿದ್ದರು. ಗುಟ್ಟು ಗೊತ್ತಿದ್ದದ್ದು ಓದುವ ನಮಗೆ. ಅಪ್ಪ ಸಾಯುತ್ತಾನೆ, ಮಗ ಮುಖವಾಡ ಹಾಕುತ್ತಾನೆ. ನಾವು ಓದುತ್ತಿದ್ದವನು ಇಪ್ಪತ್ತೊಂದನೆಯವನು. ಗುಹೆಯಲ್ಲಿ ಹಿಂದಿನ ಇಪ್ಪತ್ತು ಜನರ ಗೋರಿ! ಆ ಗೋರಿಗಳನ್ನು ನೋಡಿದಾಗಲೆಲ್ಲ ಇವನ ಮೇಲೆ ಗೌರವ ಹೆಚ್ಚುತ್ತಿತ್ತು. ನನ್ನ ರುಚಿ ಕೆಟ್ಟದ್ದೋ, ನೆಟ್ಟಗಾದದ್ದೋ, ಅಲ್ಲಿಂದಲೇ.

ಸರಿ, ಪಟ್ಟಿಗೆ ಬರೋಣ.

ಭೇಷ್ ನಂಬರ್ 1: ಸೂಪರ್‌ಮ್ಯಾನ್‌ನ ಕೊನೆಯ ಕಥೆ

1986ರಲ್ಲಿ ಡಿಸಿ ಕಂಪನಿ ಒಂದು ಧೈರ್ಯದ ಕೆಲಸ ಮಾಡಿತು. ಹಳೆಯ ಸೂಪರ್‌ಮ್ಯಾನ್‌ಗೆ ಮಂಗಳ ಹಾಡಿ, ಹುಟ್ಟಿನಿಂದ ಹೊಸದಾಗಿ ಶುರು ಮಾಡಲು ಜಾನ್ ಬರ್ನ್ ಎಂಬಾತನಿಗೆ ವಹಿಸಿತು. ಅದಕ್ಕೆ ಮುಂಚೆ ಹಳಬನಿಗೊಂದು ಬೀಳ್ಕೊಡುಗೆ ಆಗಬೇಕಲ್ಲ? ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ಬರೆಯಲು ಹಿಡಿದದ್ದು ಇಂಗ್ಲೆಂಡಿನ ಆಲನ್ ಮೂರ್‌ನನ್ನು. ಚಿತ್ರ, ಮೂವತ್ತು ವರ್ಷ ಸೂಪರ್‌ಮ್ಯಾನ್‌ನನ್ನು ಬರೆದಿದ್ದ ಕರ್ಟ್ ಸ್ವಾನ್‌ರದ್ದೇ. ‘ಸೂಪರ್‌ಮ್ಯಾನ್’ 423 ಮತ್ತು ‘ಆ್ಯಕ್ಷನ್ ಕಾಮಿಕ್ಸ್’ 583, ಎರಡೇ ಸಂಚಿಕೆ.

ಹಳೆಯ ವಿಲನ್‌ಗಳೆಲ್ಲ ಒಟ್ಟಿಗೆ ಮುಗಿಬೀಳುತ್ತಾರೆ. ಜಿಮ್ಮಿ ಸಾಯುತ್ತಾನೆ, ಲಾನಾ ಸಾಯುತ್ತಾಳೆ. ಸೂಪರ್‌ಮ್ಯಾನ್‌ನ ನಾಯಿ ಕ್ರಿಪ್ಟೋ, ಮೈಯೆಲ್ಲ ವಿಷವಾಗಿರುವ ಶತ್ರುವನ್ನು ಕಚ್ಚಿ ಕೊಂದು ತಾನೂ ಸಾಯುತ್ತದೆ. ಜಿಮ್ಮಿ ಸತ್ತಾಗ ಸುಮ್ಮನಿದ್ದ ನನ್ನ ಗೆಳೆಯ, ನಾಯಿ ಸತ್ತಾಗ ಎದ್ದು ಹೊರಗೆ ಹೋದ. ಬೀಡಿ ಸೇದಲಿಕ್ಕೆ ಅಂದ. ಕಣ್ಣು ಕೆಂಪಾಗಿತ್ತು.

ಕೊನೆಗೆ ನಿಜವಾದ ವಿಲನ್‌ನನ್ನು ಸೂಪರ್‌ಮ್ಯಾನ್ ಬೇಕೆಂದೇ ಕೊಲ್ಲುತ್ತಾನೆ. ಯಾರನ್ನೂ ಕೊಲ್ಲುವುದಿಲ್ಲ ಎಂಬುದು ಅವನ ವ್ರತ. ಜಗತ್ತನ್ನೇ ಉಳಿಸಿದ್ದೇನೆ, ಒಂದು ತಪ್ಪಿಗೆ ಮಾಫಿ ಕೊಡಿ ಎಂದು ಕೇಳಬಹುದಿತ್ತು. ಕೇಳುವುದಿಲ್ಲ. ತಾನೇ ಬಂಗಾರದ ಬಣ್ಣದ ಕ್ರಿಪ್ಟೊನೈಟ್ ಎದುರು ನಿಂತು ಶಕ್ತಿಯನ್ನೆಲ್ಲ ಕಳೆದುಕೊಂಡು ಹಿಮದೊಳಗೆ ನಡೆದುಬಿಡುತ್ತಾನೆ! ಹತ್ತು ವರ್ಷದ ನಂತರ ಸೂಪರ್‌ಮ್ಯಾನ್ ಸತ್ತನೆಂದು ಲೋಯಿಸ್ ಪತ್ರಕರ್ತನಿಗೆ ಹೇಳುತ್ತಾಳೆ. ಆದರೆ ಅವಳ ಗಂಡ, ಮೋಟಾರು ರಿಪೇರಿ ಮಾಡುವ ಒಬ್ಬ ಸಾದಾ ಮನುಷ್ಯ, ಕೊನೆಯ ಚಿತ್ರದಲ್ಲಿ ನಮ್ಮತ್ತ ತಿರುಗಿ ಕಣ್ಣು ಮಿಟುಕಿಸುತ್ತಾನೆ. ಯಾರೆಂದು ಗೊತ್ತಾಯಿತೆ? ಹಾರುವುದನ್ನು ಬಿಟ್ಟುಕೊಟ್ಟು ಸಂಸಾರ ಪಡೆದವನು! ಬೆಲೆ ಕೊಟ್ಟು ತೆಗೆದುಕೊಂಡ ಸುಖ, ಹಾಗಾಗಿ ನನಗೂ ತಕರಾರಿಲ್ಲ.

ಆಮೇಲೆ ಬಂದ ಬರ್ನ್‌ನ ‘ಮ್ಯಾನ್ ಆಫ್ ಸ್ಟೀಲ್’ ಆರು ಸಂಚಿಕೆ. ಅಚ್ಚುಕಟ್ಟು, ನೀಟು. ಆದರೆ ಮಂಗಳ ಕೇಳಿ ಎದ್ದು ಬಂದವನಿಗೆ ಮತ್ತೆ ಪೀಠಿಕೆ ಕೇಳಿಸಿದಂತಾಗಿತ್ತು. ಭೇಷೂ ಅಲ್ಲ, ಛೆಯೂ ಅಲ್ಲ.

ಭೇಷ್ ನಂಬರ್ 2: ಮುದಿ ಬ್ಯಾಟ್‌ಮನ್

‘ದಿ ಡಾರ್ಕ್ ನೈಟ್ ರಿಟರ್ನ್ಸ್’. ನಾಲ್ಕು ದಪ್ಪ ಪುಸ್ತಕ, ಒಳ್ಳೆಯ ಕಾಗದ. ಕಥೆ, ಚಿತ್ರ ಫ್ರಾಂಕ್ ಮಿಲ್ಲರ್. ಇಂಕು ಕ್ಲಾಸ್ ಜ್ಯಾನ್ಸನ್. ಬಣ್ಣ ಲಿನ್ ವಾರ್ಲಿ. ನನಗೆ ಮೊದಲು ಸಿಕ್ಕಿದ್ದು ಮೂರನೆಯದು. ಎರಡನೆಯದಕ್ಕೆ ನಾಲ್ಕು ತಿಂಗಳು ಕಾದೆ!

ಇಲ್ಲಿ ಬ್ರೂಸ್ ವೇಯ್ನ್‌ಗೆ 55 ವರ್ಷ. ಮುಖವಾಡ ಕಳಚಿಟ್ಟು ಹತ್ತು ವರ್ಷ ಆಗಿದೆ. ಊರು ಹಾಳಾಗಿದೆ, ಮೈ ಕೇಳುವುದಿಲ್ಲ, ಆದರೂ ಮತ್ತೆ ಇಳಿಯುತ್ತಾನೆ. ಪುಂಡರ ನಾಯಕನೊಂದಿಗೆ ಮೊದಲ ಫೈಟಿಂಗಿನಲ್ಲಿ ಹೊಡೆತ ತಿಂದು ಮಣ್ಣು ಮುಕ್ಕುತ್ತಾನೆ! ಅವನನ್ನು ಬದುಕಿಸಿ ತರುವವಳು ಕ್ಯಾರಿ ಕೆಲ್ಲಿ ಎಂಬ 13 ವರ್ಷದ ಹುಡುಗಿ, ಹೊಸ ರಾಬಿನ್. ಕೊನೆಗೆ ಸರ್ಕಾರದ ಆಳಾಗಿ ಬರುವ ಸೂಪರ್‌ಮ್ಯಾನ್ ಜೊತೆಗೇ ಕುಸ್ತಿ. 2016ರ ‘ಬ್ಯಾಟ್‌ಮನ್ ವಿ ಸೂಪರ್‌ಮ್ಯಾನ್’ ಚಿತ್ರದಲ್ಲಿ ಆ ಲೋಹದ ಕವಚದ ಫೈಟು ನೋಡಿ ಸೀಟಿ ಹೊಡೆದಿರಲ್ಲ, ಅದರ ಬೇರು ಇಲ್ಲಿದೆ.

ಬ್ಯಾಟ್‌ಮನ್ ಇಲ್ಲಿ ಸತ್ತಂತೆ ನಟಿಸಿ ಉಳಿದುಕೊಳ್ಳುತ್ತಾನೆ, ನಿಜ. ಹಾಗಾದರೆ ಅದು ಮೋಸವಲ್ಲವೆ ಎಂದು ಗೆಳೆಯ ಕೇಳಿದ. ನೋಡು ಮಾರಾಯ, ಮನೆ ಸುಟ್ಟಿತು, ಹೆಸರು ಹೋಯಿತು, ಹಣ ಹೋಯಿತು, ಜೀವಮಾನವೆಲ್ಲ ಜೊತೆಗಿದ್ದ ಆಲ್‌ಫ್ರೆಡ್ ಸತ್ತ. ಬ್ರೂಸ್ ವೇಯ್ನ್ ಅನ್ನುವವನು ಮತ್ತೆ ಇಲ್ಲ, ಇದು ಮೋಸವೆ? ಅಂದೆ. ಆಗ ನನಗೆ ಹತ್ತೊಂಬತ್ತು. 55ರ ಮುದುಕ ಹೊಡೆದಾಡುವುದು ತಮಾಷೆಯಾಗಿ ಕಂಡಿತ್ತು. ಈಗ ನಾನೇ ಆ ವಯಸ್ಸು ದಾಟಿದ್ದೇನೆ. ಮೊನ್ನೆ ಅಟ್ಟದ ಏಣಿ ಇಳಿದ ಮೇಲೆ ಮಂಡಿ ಹಿಡಿದುಕೊಂಡು ಕೂತು ಮತ್ತೆ ಓದಿದೆ. ತಮಾಷೆ ಅನ್ನಿಸಲಿಲ್ಲ!

ಭೇಷ್ ನಂಬರ್ 3: ದೋಸೆ ಕಾವಲಿಯ ಮುಂದೆ ವಕೀಲ

ಮಾರ್ವೆಲ್ ಕಂಪನಿಯ ಡೇರ್‌ಡೆವಿಲ್ ಗೊತ್ತಲ್ಲ? ಹಗಲಲ್ಲಿ ಕುರುಡು ವಕೀಲ ಮ್ಯಾಟ್ ಮರ್ಡಾಕ್, ರಾತ್ರಿ ಕೆಂಪು ವೇಷ. 1986ರಲ್ಲಿ 227ನೇ ಸಂಚಿಕೆಯಿಂದ ಫ್ರಾಂಕ್ ಮಿಲ್ಲರ್ ಬರೆದು ಡೇವಿಡ್ ಮಜ್ಜುಚೆಲ್ಲಿ ಚಿತ್ರಿಸಿದ ‘ಬಾರ್ನ್ ಅಗೇನ್’ ನಮ್ಮ ರೂಮಿನ ಸೂಪರ್‌ಹಿಟ್. 2025ರಲ್ಲಿ ಬಂದ ಟಿವಿ ಸರಣಿಗೆ ಇದೇ ಹೆಸರಿಟ್ಟರು.

ಹಳೆಯ ಪ್ರೇಯಸಿ ಕ್ಯಾರನ್ ಪೇಜ್ ಮಾದಕದ ಚಟಕ್ಕೆ ಬಿದ್ದು, ಒಂದು ಚುಚ್ಚುಮದ್ದಿಗಾಗಿ ಡೇರ್‌ಡೆವಿಲ್‌ನ ನಿಜವಾದ ಹೆಸರನ್ನು ಮಾರಿಬಿಡುತ್ತಾಳೆ. ಅದು ಕಿಂಗ್‌ಪಿನ್ ಎಂಬ ಖದೀಮನ ಕೈಗೆ ಸೇರುತ್ತದೆ. ಅವನು ಬಂದೂಕು ಹಿಡಿದು ಬರುವುದಿಲ್ಲ ಸ್ವಾಮಿ! ಬ್ಯಾಂಕಿನ ಖಾತೆ ಬಂದ್ ಮಾಡಿಸುತ್ತಾನೆ, ಸುಳ್ಳು ಸಾಕ್ಷಿ ಹೇಳಿಸಿ ವಕೀಲಿಕೆ ಕಿತ್ತುಕೊಳ್ಳುತ್ತಾನೆ, ಮನೆ ಉಡಾಯಿಸುತ್ತಾನೆ. ಮ್ಯಾಟ್ ಬೀದಿಯಲ್ಲಿ ಮಲಗುತ್ತಾನೆ. ಹಿಮ, ಹಸಿವು, ತಲೆ ಕೆಟ್ಟ ಸ್ಥಿತಿ. ಎದ್ದು ನಿಂತ ಮೇಲೂ ಅವನಿಗೆ ವಕೀಲಿಕೆ ತಿರುಗಿ ಸಿಗುವುದಿಲ್ಲ. ಒಂದು ಸಣ್ಣ ಹೋಟೆಲಿನಲ್ಲಿ ಅಡಿಗೆಗೆ ನಿಲ್ಲುತ್ತಾನೆ!

ಇದನ್ನು ಹೇಳಿದಾಗ ನನ್ನ ಗೆಳೆಯ ಹಾಸಿಗೆಯಿಂದ ಎದ್ದು ಕೂತ. “ಎಂತ! ನಮ್ಮ ಜಾತಿಗೇ ಬಂದ್ನಾ!” ಮಾರನೆಯ ದಿನ ಕಾವಲಿಯ ಮುಂದೆ ಅವನ ಗತ್ತೇ ಬೇರೆ. ದೋಸೆ ಮಗುಚುವ ಸಟ್ಟುಗವನ್ನು ಡೇರ್‌ಡೆವಿಲ್‌ನ ಕೋಲಿನ ಹಾಗೆ ತಿರುಗಿಸಿದ್ದೇ ತಿರುಗಿಸಿದ್ದು!

ತನ್ನನ್ನು ಮಾರಿದ ಕ್ಯಾರನ್‌ಳನ್ನು ಮ್ಯಾಟ್ ಕ್ಷಮಿಸುತ್ತಾನೆ. ಹಳೆಯ ಮನೆ, ಹಳೆಯ ಗೌರವ ಯಾವುದೂ ಇಲ್ಲದೆ ಇಬ್ಬರೂ ಅದೇ ಕೊಳಕು ಬೀದಿಯಲ್ಲಿ ಬದುಕು ಶುರು ಮಾಡುತ್ತಾರೆ. ಒಡೆದದ್ದು ಒಡೆದಂತೆಯೇ ಇದೆ, ಆದರೂ ಕೂಡಿ ಬಾಳುತ್ತಾರೆ. ಇದಕ್ಕೆ ನಾನು ಎರಡು ಭೇಷ್ ಹಾಕಿದ್ದೆ. ಪಟ್ಟಿಯಲ್ಲಿ ಒಂದು ಹೊಡೆದುಹಾಕಿದೆ, ನಾಲ್ಕನೆಯದಕ್ಕೆ ಜಾಗ ಬೇಕಿತ್ತು.

ಭೇಷ್ ನಂಬರ್ 4: ರಕ್ತದ ಹನಿ ಬಿದ್ದ ನಗುಮುಖ

‘ವಾಚ್‌ಮೆನ್’. ಮತ್ತೆ ಆಲನ್ ಮೂರ್. ಚಿತ್ರ ಡೇವ್ ಗಿಬ್ಬನ್ಸ್. 1986ರಲ್ಲಿ ಶುರುವಾಗಿ 1987ರಲ್ಲಿ ಮುಗಿದ ಹನ್ನೆರಡು ಸಂಚಿಕೆ. ಪಟ್ಟಿ ಬರೆಯುವಾಗ ನನ್ನಲ್ಲಿದ್ದದ್ದು 1, 2 ಮತ್ತು 4 ಮಾತ್ರ. ಅಷ್ಟಕ್ಕೇ ಭೇಷ್ ಕೊಟ್ಟಿದ್ದೆ!

ಮೊದಲ ಪುಟದಲ್ಲೇ ಒಬ್ಬ ವೇಷಧಾರಿ ಸತ್ತಿದ್ದಾನೆ. ನಗುಮುಖದ ಬಿಲ್ಲೆಯ ಮೇಲೆ ರಕ್ತ. ಪುಟಕ್ಕೆ ಒಂಬತ್ತು ಚೌಕ, ಫೈಟಿಂಗು ಬಹಳ ಕಡಿಮೆ. ಗೆಳೆಯನಿಗೆ ಬೋರು. ನಾಲ್ಕನೆಯ ಸಂಚಿಕೆ ಮಾತ್ರ ಅವನನ್ನೂ ಹಿಡಿಯಿತು. ಗಡಿಯಾರ ರಿಪೇರಿಯವನ ಮಗ, ವಿಜ್ಞಾನಿ. ಪ್ರಯೋಗದ ಕೋಣೆಯಲ್ಲಿ ಸಿಕ್ಕಿಬಿದ್ದು ಪುಡಿಪುಡಿಯಾಗಿ ಸಾಯುತ್ತಾನೆ. ಕೆಲವು ತಿಂಗಳಲ್ಲಿ ತನ್ನನ್ನು ತಾನೇ ಜೋಡಿಸಿಕೊಂಡು ನೀಲಿ ದೇಹದ ಡಾಕ್ಟರ್ ಮ್ಯಾನ್‌ಹಟನ್ ಆಗಿ ಎದ್ದು ಬರುತ್ತಾನೆ. ಏನು ಬೇಕಾದರೂ ಮಾಡಬಲ್ಲ. ಆದರೆ ಹೆಂಗಸಿನ ಪ್ರೀತಿ, ಗೆಳೆಯನ ಕಷ್ಟ ಯಾವುದೂ ಅವನಿಗೆ ತಟ್ಟುವುದಿಲ್ಲ. ಕೊನೆಗೆ ಮಂಗಳ ಗ್ರಹದಲ್ಲಿ ಒಬ್ಬನೇ ಕೂತಿದ್ದಾನೆ, ಕೈಯಲ್ಲಿ ಒಂದು ಹಳೆಯ ಫೋಟೋ. ಸತ್ತು ಎದ್ದು ಬಂದವರ ಕಥೆ ಬರೆಯುವುದಾದರೆ ಹೀಗೆ ಬರೆಯಬೇಕು! 2009ರಲ್ಲಿ ಝ್ಯಾಕ್ ಸ್ನೈಡರ್ ಇದನ್ನು ಸಿನಿಮಾ ಮಾಡಿದರು. ಚಿತ್ರ ನೋಡಿದವರು ಒಮ್ಮೆ ಪುಸ್ತಕವನ್ನೂ ಓದಿ.

ಛೆ ನಂಬರ್ 1: ‘ಸೀಕ್ರೆಟ್ ವಾರ್ಸ್ 2’

1985ರಲ್ಲಿ ಶುರುವಾಗಿ 1986ರ ಮಾರ್ಚ್ ಸಂಚಿಕೆಗೆ ಮುಗಿದ ಒಂಬತ್ತು ಭಾಗದ ಭರ್ಜರಿ ತೋಪು! ಬಿಯಾಂಡರ್ ಎಂಬ ಸರ್ವಶಕ್ತ ಭೂಮಿಗೆ ಬಂದು ಮನುಷ್ಯರ ನಡವಳಿಕೆ ಕಲಿಯುತ್ತಾನೆ. ಕಕ್ಕಸಿಗೆ ಹೋಗುವುದು ಹೇಗೆಂದು ಅವನಿಗೆ ಕಲಿಸುವವನು ನಮ್ಮ ಸ್ಪೈಡರ್‌ಮ್ಯಾನ್! ಸುಳ್ಳಲ್ಲ, ಎರಡನೆಯ ಸಂಚಿಕೆ ನೋಡಿ. ಇದರ ತುಂಡು ಕಥೆಗಳನ್ನು ಬೇರೆ ಬೇರೆ ಪುಸ್ತಕಗಳಿಗೂ ಅಂಟಿಸಿದ್ದರಿಂದ ನನ್ನಂಥವನ ಜೇಬಿಗೆ ಕತ್ತರಿ. ಏನು ಬೇಕಾದರೂ ಮಾಡಬಲ್ಲವನು ಏನು ಮಾಡಿದರೇನು?

ಛೆ ನಂಬರ್ 2: ‘ನ್ಯೂ ಯೂನಿವರ್ಸ್’

ಮಾರ್ವೆಲ್‌ನ 25ನೇ ವರ್ಷದ ಸಂಭ್ರಮಕ್ಕೆ 1986ರಲ್ಲಿ ಎಂಟು ಹೊಸ ಪುಸ್ತಕ ಒಟ್ಟಿಗೆ ಬಿಟ್ಟರು. ಪಕ್ಕದ ಬೀದಿಯಂಥ ನಿಜವಾದ ಲೋಕ, ಅಲ್ಲಿ ದಿನಗಳು ನಮ್ಮಂತೆಯೇ ಸರಿಯುತ್ತವೆ ಎಂಬ ಯೋಚನೆ. ನನಗಂತೂ ಬಹಳ ಹಿಡಿಸಿತು. ಆದರೆ ಬ್ಯಾನರ್ ದೊಡ್ಡದು, ಬಂಡವಾಳ ಚಿಕ್ಕದು! ಫುಟ್ಬಾಲ್ ಆಟಗಾರರೇ ಹೀರೋಗಳಾದ ‘ಕಿಕ್ಕರ್ಸ್’ ಓದಿ ಮೂರು ರೂಪಾಯಿಗೆ ಅತ್ತಿದ್ದೇನೆ. ‘ಡಿ.ಪಿ.7’ ಒಂದೇ ಮರ್ಯಾದೆ ಉಳಿಸಿತು. ವರ್ಷದಲ್ಲಿ ನಾಲ್ಕು ಮುಚ್ಚಿದವು, 1989ಕ್ಕೆ ಎಲ್ಲ ಪ್ಯಾಕಪ್.

ಛೆ ನಂಬರ್ 3: ‘ಎಕ್ಸ್-ಫ್ಯಾಕ್ಟರ್’

ಇದರ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ. ಪೆನ್ನಿನ ಮೊನೆಗೆ ಕಾಗದ ಹರಿದಿದೆ.

ಎಕ್ಸ್-ಮೆನ್ ತಂಡದ ಜೀನ್ ಗ್ರೇ 1980ರಲ್ಲಿ, 137ನೇ ಸಂಚಿಕೆಯಲ್ಲಿ ಸತ್ತಳು. ಫೀನಿಕ್ಸ್ ಶಕ್ತಿಯ ಅಮಲಿನಲ್ಲಿ ಐನೂರು ಕೋಟಿ ಜೀವಗಳಿದ್ದ ಒಂದು ಲೋಕವನ್ನೇ ಅಳಿಸಿದ್ದಳು. ಲೇಖಕ ಕ್ಲೇರ್‌ಮಾಂಟ್, ಚಿತ್ರಕಾರ ಬರ್ನ್ ಅವಳನ್ನು ಉಳಿಸಿಕೊಳ್ಳಲು ನೋಡಿದ್ದರು. ಅಂಥ ಪಾಪಕ್ಕೆ ಶಿಕ್ಷೆಯಿಲ್ಲದೆ ಆಗದು ಎಂದವರು ಪ್ರಧಾನ ಸಂಪಾದಕ ಜಿಮ್ ಶೂಟರ್. ಚಂದ್ರನ ಮೇಲೆ, ಪ್ರಿಯಕರ ಸ್ಕಾಟ್‌ನ ಕಣ್ಣೆದುರು ಅವಳು ತಾನಾಗಿಯೇ ಪ್ರಾಣ ಬಿಟ್ಟಳು. ಎರಡು ಸಲ ಸಿನಿಮಾ ಆಯಿತಲ್ಲ, 2006ರಲ್ಲಿ, ಮತ್ತೆ 2019ರಲ್ಲಿ? ಇದೇ ಕಥೆ.

1986 ಬಂತು. ಅದೇ ಶೂಟರ್ ಕುರ್ಚಿಯಲ್ಲಿರುವಾಗಲೇ ಜೀನ್ ವಾಪಸ್! ಸತ್ತವಳು ಅವಳಲ್ಲವಂತೆ, ಅವಳ ರೂಪ ತಾಳಿದ ಶಕ್ತಿಯಂತೆ. ನಿಜವಾದ ಜೀನ್ ನೀರಿನ ತಳದಲ್ಲಿ ಗೂಡಿನೊಳಗೆ ನಿದ್ದೆ ಮಾಡುತ್ತಿದ್ದಳಂತೆ. ಹಾಗಾದರೆ ಆರು ವರ್ಷ ನಾವು ಸುರಿಸಿದ ಕಣ್ಣೀರಿಗೆ ಏನು ಲೆಕ್ಕ? ಅದಾದರೂ ಹೋಗಲಿ. ಸ್ಕಾಟ್ ಆಗಲೇ ಮ್ಯಾಡ್‌ಲಿನ್ ಎಂಬವಳನ್ನು ಮದುವೆಯಾಗಿದ್ದ, ಮೊಲೆಗೂಸಿತ್ತು. ಜೀನ್ ಬಂದಳೆಂಬ ಫೋನು ಬಂದದ್ದೇ ತಡ, ಹೆಂಡತಿ-ಮಗುವನ್ನು ಬಿಟ್ಟು ಓಡಿದ! ಹಿಂದಿರುಗಿ ನೋಡಲಿಲ್ಲ. ‘ಡೆಡ್‌ಪೂಲ್ 2’ರಲ್ಲಿ ಜೋಶ್ ಬ್ರೋಲಿನ್ ಮಾಡಿದ ಕೇಬಲ್ ಪಾತ್ರ ಇದೆಯಲ್ಲ, ಕಾಮಿಕ್ಸಿನಲ್ಲಿ ಆತನೇ ಆ ಕೈಬಿಟ್ಟ ಕೂಸು.

1987ರ ನವೆಂಬರ್‌ನ ಒಂದು ರಾತ್ರಿ ಇದನ್ನು ಗೆಳೆಯನಿಗೆ ಓದಿ ಹೇಳುತ್ತಾ ನಾನು ಕೂಗಾಡುತ್ತಿದ್ದೆ. “ಇವನೊಬ್ಬ ಹೀರೋನಾ? ಮನೆಗೆ ಒಂದು ಫೋನು ಮಾಡ್ಲಿಕ್ಕೆ ಆಗ್ಲಿಲ್ವಾ ಇವನಿಗೆ?” ಚಿತ್ರ ನೋಡಲು ಗೆಳೆಯ ಪುಸ್ತಕ ಕಿತ್ತುಕೊಂಡ. ಅದರೊಳಗಿಂದ ಒಂದು ನೀಲಿ ಇನ್‌ಲ್ಯಾಂಡ್ ಕಾಗದ ಕೆಳಗೆ ಬಿತ್ತು. ಓದಿದ ಪುಟ ತಪ್ಪದಿರಲಿ ಎಂದು ನಾನೇ ಇಟ್ಟದ್ದು. ಅವನಿಗೆ ಇಂಗ್ಲಿಷ್ ಬಾರದು ಅಂದೆನಲ್ಲ, ಕನ್ನಡ ಚೆನ್ನಾಗಿ ಬರುತ್ತಿತ್ತು.

ಅಮ್ಮ ಬರೆದ ಕಾಗದ. ಮೂರು ತಿಂಗಳು ಹಳತು. ಅಜ್ಜಿಗೆ ಹುಷಾರಿಲ್ಲ, ದಿನಾ ನಿನ್ನ ಹೆಸರು ಹಿಡಿದು ಕೇಳುತ್ತಾರೆ, ಒಮ್ಮೆ ಬಂದು ಹೋಗು ಎಂದಿತ್ತು.

ಗೆಳೆಯ ಮಡಿಸಿ ನನ್ನ ಕೈಗೆ ಕೊಟ್ಟ. “ಆ ಸ್ಕಾಟನ್ನ ಎಂತಕ್ಕೆ ಬಯ್ತೀಯ ಮಾರಾಯ?” ಅಂದ. ಅಷ್ಟೇ. ದೀಪ ಆರಿಸಿ ಮಲಗಿದ.

ಓದಿರಲಿಲ್ಲ ಅಂತಲ್ಲ, ಓದಿದ್ದೆ. ಪಿ.ಯು.ಸಿ. ಫೇಲಾಗಿ ಹೇಳದೆ ಊರು ಬಿಟ್ಟವನು ನಾನು. ಎರಡು ವರ್ಷವಾಗಿತ್ತು. ಫೇಲಾದ ಮುಖ ಹೊತ್ತು ಹೋಗಲು ನಾಚಿಕೆ. ನಾಲ್ಕು ಕಾಸು ಕೂಡಲಿ, ಒಳ್ಳೆ ಪ್ಯಾಂಟು ಹೊಲಿಸಿಕೊಂಡು ಹೋಗೋಣ ಎಂದುಕೊಂಡಿದ್ದೆ. ಕೂಡಿದ ಕಾಸು ಫೌಂಟನ್ ಫುಟ್‌ಪಾತಿಗೆ ಹೋಗುತ್ತಿತ್ತು.

ಮಾಲಕರಲ್ಲಿ ಎಂಟು ದಿನದ ರಜೆ ಕೇಳಿ ಬಸ್ ಹತ್ತಿದೆ. ಆಗ ಕೊಂಕಣ ರೈಲು ಎಲ್ಲಿತ್ತು? ಇಡೀ ರಾತ್ರಿ, ಮಾರನೆಯ ದಿನವೂ ಬಸ್ಸೇ. ಅಜ್ಜಿ ಜಗಲಿಯಲ್ಲಿ ಕೂತಿದ್ದರು. ಬದುಕಿದ್ದರು. ನನಗೆ ಎಷ್ಟು ಸಮಾಧಾನ! ಎದುರಿಗೆ ಹೋಗಿ ಕೂತೆ. ನನ್ನ ಮುಖ ನೋಡಿ, “ಯಾರ ಮನೆ ಹುಡುಗ?” ಎಂದು ಕೇಳಿದರು.

ಅಮ್ಮ ಬಯ್ಯಲಿಲ್ಲ. “ದಸರಾಕ್ಕೆ ಮುಂಚೆ ಬಂದಿದ್ರೆ ಗುರ್ತು ಹಿಡೀತಿದ್ರು” ಅಂದಳು. ಎಂಟು ದಿನ ನಾನೇ ಗಂಜಿ ಉಣಿಸಿದೆ. ಹೊರಡುವ ದಿನ ನನ್ನ ತಲೆ ಸವರಿ, ಎಂದೋ ತೀರಿಹೋದ ಸೋದರಮಾವನ ಹೆಸರು ಹಿಡಿದು ಕರೆದರು. ಓ ಅಂದೆ.

ಮುಂಬಯಿಗೆ ಮರಳಿದ ಮೇಲೆ ಬರೆದ ಪಟ್ಟಿ ಇದು. ಜೀನ್‌ಳ ಮೇಲೆ, ಅವಳನ್ನು ಎಬ್ಬಿಸಿದವರ ಮೇಲೆ ನನಗೆ ಅಷ್ಟು ಸಿಟ್ಟು ಏಕಿತ್ತೆಂದು ಈಗ ಓದಿದರೆ ಗೊತ್ತಾಗುತ್ತದೆ. ತಿರುಗಿ ಬಂದವರಿಗೆ ಎಲ್ಲವೂ ಇಟ್ಟ ಜಾಗದಲ್ಲೇ ಸಿಗುತ್ತದೆ ಎಂದು ಆ ಪುಸ್ತಕ ಹೇಳಿತ್ತು. ನನಗೆ ಸಿಕ್ಕಿರಲಿಲ್ಲ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಆರನೆಯ ಸಂಚಿಕೆಯಿಂದ ಬರೆಯಲು ಬಂದ ಲೂಯಿಸ್ ಸೈಮನ್‌ಸನ್ ಎಂಬ ಹೆಣ್ಣುಮಗಳು ಸ್ಕಾಟ್‌ನ ತಪ್ಪನ್ನು ತಪ್ಪೆಂದೇ ಹಿಡಿದು ಅವನನ್ನು ಗೋಳಾಡಿಸಿದಳು. ಅದನ್ನು ಆಮೇಲೆ ಓದಿದೆ. ಪಟ್ಟಿ ತಿದ್ದಲು ಹೋಗಿಲ್ಲ.

ಅಲ್ಲಿಂದೀಚೆಗೆ ಸೂಪರ್‌ಮ್ಯಾನ್ 1992ರಲ್ಲಿ ಸತ್ತು 1993ರಲ್ಲಿ ಎದ್ದ. 1985ರಲ್ಲಿ ಜಗತ್ತಿಗಾಗಿ ಪ್ರಾಣ ಕೊಟ್ಟ ಫ್ಲ್ಯಾಶ್, ಬ್ಯಾರಿ ಅಲನ್, ಇಪ್ಪತ್ತು ವರ್ಷಕ್ಕೂ ಮೇಲೆ ಗೌರವದಿಂದ ಸತ್ತೇ ಇದ್ದವನು, ಅವನನ್ನೂ 2008ರಲ್ಲಿ ಎಬ್ಬಿಸಿದರು! ಸಿನಿಮಾದವರೂ ಈ ವಿದ್ಯೆ ಕಲಿತಿದ್ದಾರೆ, ನೀವೇ ನೋಡುತ್ತಿದ್ದೀರಿ.

ಆ ಗೆಳೆಯನಿಗೆ ಈಗ ಊರಲ್ಲೇ ಸ್ವಂತ ಹೋಟೆಲು. ದೋಸೆ ಈಗಲೂ ಅವನೇ ಹೊಯ್ಯುತ್ತಾನೆ. ಕಾಮಿಕ್ಸ್ ಬಿಟ್ಟು ಬಹಳ ಕಾಲವಾಯಿತು. ಆದರೂ ಪ್ರತಿ ಡಿಸೆಂಬರ್ ಕೊನೆಗೆ ತಪ್ಪದೆ ಫೋನು ಮಾಡುತ್ತಾನೆ. ಕೇಳುವುದು ಒಂದೇ ಪ್ರಶ್ನೆ: “ಹ್ವಾಯ್, ಈ ವರ್ಷ ಯಾರು ಸತ್ರು, ಯಾರು ಎದ್ರು?”

ನಾನು ಪಟ್ಟಿ ಓದಿ ಹೇಳುತ್ತೇನೆ. ಪೂರ್ತಿ ಕೇಳಿ ಕೊನೆಗೆ ಅವನು ಹೇಳುವುದೂ ಪ್ರತಿ ವರ್ಷ ಒಂದೇ: “ಆ ನಾಯಿಯನ್ನ ಮಾತ್ರ ಎಬ್ಬಿಸಬಹುದಿತ್ತು ಮಾರಾಯ!”